ಮೂರು ಕಾಸಿನ ಎನ್‌ಒಸಿ

ಚೀನಾದ ಶೆನ್‌ಜೆನ್‌ನಲ್ಲಿ ಒಬ್ಬ ಇಂಜಿನಿಯರ್ ಇದ್ದಾನೆ ಅಂದುಕೊಳ್ಳಿ. ಕೆಲಸ ಬಿಡಬೇಕೋ ಬೇಡವೋ ಅಂತ ಅವನಿಗೆ ಗೊಂದಲ. ಹೆಂಡತಿಯನ್ನು ಕೇಳಬಹುದು, ಆಕೆ ನಿಜ ಹೇಳುತ್ತಾಳೆ. ಬ್ಯಾಂಕ್ ಖಾತೆ ನೋಡಬಹುದು, ಅದು ಇನ್ನೂ ಖಾರವಾಗಿ ನಿಜ ಹೇಳುತ್ತದೆ. ನಿಜವೇ ಬೇಡ ಅನ್ನಿಸಿದರೆ ಭವಿಷ್ಯ ಕೇಳಲು ಮೂರು ಕಾಸು ತೆಗೆದು ಎಸೆಯಬಹುದು.

ಸುಮ್ನೆ ಎಸೆಯುವ ಹಾಗಿಲ್ಲ, ಅದಕ್ಕೊಂದು ಮಡಿ ಇದೆ. ಕಾಸು ದುಂಡಗಿರಬೇಕು, ನಡುವೆ ಚೌಕದ ತೂತು ಇರಬೇಕು. ದುಂಡು ಅಂದರೆ ಆಕಾಶ, ಚೌಕ ಅಂದರೆ ಭೂಮಿ. ಚೀನಾದ ಕೊನೆಯ ರಾಜವಂಶವಾದ ಚಿಂಗ್ ರಾಜರ ಕಾಲದ ಹಳೇ ಕಾಸಾದರೆ ಇನ್ನೂ ಒಳ್ಳೆಯದು. ಊದಿನಕಡ್ಡಿ ಹಚ್ಚಿ, ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಂಗೈಯಲ್ಲೋ ಆಮೆ ಚಿಪ್ಪಿನಲ್ಲೋ ಕಾಸು ಕುಲುಕಿ ಆರು ಸಲ ಹಾಕಬೇಕು. ಒಂದು ಮುಖಕ್ಕೆ 3 ಅಂಕ, ಇನ್ನೊಂದಕ್ಕೆ 2. ಮೂರನ್ನೂ ಕೂಡಿದರೆ 6, 7, 8 ಇಲ್ಲವೇ 9. ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ಮುರಿದ ಗೆರೆ. ಆರು ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿದರೆ ಒಂದು 'ಗುವಾ'. ಇಂಥವು 64 ಇವೆ. ನಿಮ್ಮದು ಯಾವುದೋ ನೋಡಿಕೊಂಡು ಯಿ ಜಿಂಗ್ ಅನ್ನುವ ಹಳೇ ಶಕುನದ ಪುಸ್ತಕ ತೆರೆಯಬೇಕು. ಇಂಗ್ಲಿಷ್‌ನಲ್ಲಿ ಓದಿದವರು ಇದನ್ನೇ ಐ ಚಿಂಗ್ ಅನ್ನುತ್ತಾರೆ. 6 ಅಥವಾ 9 ಬಂದ ಗೆರೆ ಮಗುಚಿಕೊಂಡು ಇನ್ನೊಂದು ಗುವಾ ಹುಟ್ಟುವುದೂ ಉಂಟು. ಹಾಗೆ ಲೆಕ್ಕ ಹಾಕಿದರೆ ಒಟ್ಟು 4096 ಉತ್ತರ. ನಮ್ಮ ಇಂಜಿನಿಯರ್‌ಗೆ ಬೇಕಾಗಿದ್ದದ್ದು ಎರಡೇ, ಹೌದು ಅಥವಾ ಇಲ್ಲ. ಅವೆರಡು ಮಾತ್ರ ಆ ಪುಸ್ತಕದಲ್ಲಿ ಸಿಗುವುದು ಕಷ್ಟ.

ಇಲ್ಲೊಂದು ತಕರಾರಿದೆ. ಯಾವ ಮುಖಕ್ಕೆ 3, ಯಾವ ಮುಖಕ್ಕೆ 2? ಚಿಂಗ್ ಕಾಸಿನ ಒಂದು ಬದಿಗೆ ನಾಲ್ಕು ಚೀನೀ ಅಕ್ಷರ, ಇನ್ನೊಂದು ಬದಿಗೆ ಮಂಚೂ ಬರಹ. ಚೀನೀ ಅಕ್ಷರದ ಮುಖ ಯಿನ್, ಅಂದರೆ ಮುರಿದ ಗೆರೆಯ ಕಡೆಯದು, ಅದಕ್ಕೆ 2 ಅಂತ ಒಂದು ಪಂಗಡ. ಅಲ್ಲ, ಅದೇ ಯಾಂಗ್, ಇಡೀ ಗೆರೆಯ ಕಡೆಯದು, ಅದಕ್ಕೆ 3 ಅಂತ ಇನ್ನೊಂದು. ಏನೋ ಹೆಚ್ಚು ಕಡಿಮೆ ಅಂತ ಬಿಟ್ಟುಬಿಡುವ ಹಾಗಿಲ್ಲ. ಮುಖ ಅದಲುಬದಲಾದರೆ ಇಡೀ ಗೆರೆಗಳೆಲ್ಲ ಮುರಿಯುತ್ತವೆ, ಮುರಿದವೆಲ್ಲ ಕೂಡುತ್ತವೆ. ಒಂದನೇ ಗುವಾ ಆಕಾಶ, ಎರಡನೆಯದು ಭೂಮಿ. ಒಬ್ಬ ಜೋಯಿಸ ಆಕಾಶ ಕಂಡಲ್ಲಿ ಪಕ್ಕದ ಅಂಗಡಿಯವನು ಭೂಮಿ ಕಾಣುತ್ತಾನೆ. ಆಕಾಶ ಭೂಮಿಯಷ್ಟು ವ್ಯತ್ಯಾಸ ಅಂದರೆ ಇದೇ. ಎರಡೂ ಅಂಗಡಿಗೆ ಗಿರಾಕಿಗಳು ಕಡಿಮೆಯಾಗಿಲ್ಲ.

ಕಾಸಿಗೂ ಮೊದಲು ಕಡ್ಡಿ ಇತ್ತು. ಆ ಕಡ್ಡಿಯ ಗಿಡಕ್ಕೆ ಇಂಗ್ಲಿಷ್‌ನಲ್ಲಿ 'ಯಾರೋ' (yarrow) ಅನ್ನುತ್ತಾರೆ. ಕನ್ನಡದಲ್ಲೂ ಹೊಂದುತ್ತದೆ, ಭವಿಷ್ಯ ಯಾವಾಗಲೂ ಯಾರೋ ಹೇಳಿದ್ದೇ ಅಲ್ವಾ? 50 ಕಡ್ಡಿಯಲ್ಲಿ ಒಂದನ್ನು ಪಕ್ಕಕ್ಕಿಟ್ಟು, ಉಳಿದ 49ನ್ನು ಭಾಗ ಮಾಡಿ, ಎಣಿಸಿ, ಮತ್ತೆ ಭಾಗ ಮಾಡಿ, ಹೀಗೆ 18 ಸಲ ಮಾಡಿದರೆ ಒಂದು ಗುವಾ. ಅರ್ಧ ಗಂಟೆ ಬೇಕು. ಕಾಸಿನಲ್ಲಾದರೆ ಎರಡು ನಿಮಿಷದ ಕೆಲಸ, ನೂಡಲ್ಸ್ ಬೇಯುವಷ್ಟರಲ್ಲಿ ಭವಿಷ್ಯ ರೆಡಿ. ಆದರೆ ಲೆಕ್ಕ ನೋಡಿ. ಕಡ್ಡಿಯಲ್ಲಿ 6 ಬರುವ ಸಾಧ್ಯತೆ ಹದಿನಾರರಲ್ಲಿ ಒಂದು, ಕಾಸಿನಲ್ಲಿ ಎಂಟರಲ್ಲಿ ಒಂದು. ಸಮಯ ಉಳಿಸಲು ಸಾಮಾನು ಬದಲಾಯಿಸಿದ್ದಕ್ಕೆ ಎಲ್ಲರ ಹಣೆಬರಹವೂ ಬದಲಾಯಿತು. ಮೇಲಿನವರಿಗೆ ಯಾರಾದರೂ ಈ ಬಗ್ಗೆ ಸುತ್ತೋಲೆ ಕಳಿಸಿದ್ದರೋ ಇಲ್ಲವೋ.

ಇನ್ನು ಉತ್ತರದ ವಿಷಯ. 'ಅಡಗಿರುವ ಡ್ರ್ಯಾಗನ್, ಏನೂ ಮಾಡಬೇಡ.' 'ದೊಡ್ಡ ಮನುಷ್ಯರನ್ನು ಕಾಣುವುದು ಒಳ್ಳೆಯದು.' 'ದೊಡ್ಡ ನದಿ ದಾಟುವುದು ಒಳ್ಳೆಯದು.' ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅನ್ನುತ್ತೇವಲ್ಲ, ಇಲ್ಲಿ ಗೋಡೆಯೇ ಮೂರು ಸಾವಿರ ವರ್ಷ ಹಳೆಯದು. ನಮ್ಮ ಇಂಜಿನಿಯರ್‌ಗೆ ನದಿಯ ಉತ್ತರ ಬಂತು ಅಂತಿಟ್ಟುಕೊಳ್ಳಿ. ಶೆನ್‌ಜೆನ್ ನದಿ ದಾಟಿದರೆ ಹಾಂಗ್‌ಕಾಂಗ್. ಅಲ್ಲಿಗೆ ಹೋಗಿ ಕೆಲಸ ಹುಡುಕು ಅಂತಲೇ? ಅಥವಾ ಎದುರಿಗಿರುವ ಕಷ್ಟವೇ ನದಿ, ಈಗಿನ ಆಫೀಸಿನಲ್ಲೇ ಇದ್ದು ದಾಟು ಅಂತಲೇ? ಅವನು ರಾಜೀನಾಮೆ ಪತ್ರವನ್ನು ಟೈಪ್ ಮಾಡಿಟ್ಟಿದ್ದರೆ ಮೊದಲನೆಯ ಅರ್ಥ. ಮನೆ ಸಾಲದ ಕಂತು ನೆನಪಾದರೆ ಎರಡನೆಯದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಆ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಮಾತು ಇನ್ನೊಂದು. ಪುಟ ಪುಟಕ್ಕೂ ಬರುತ್ತದೆ: 'ದೋಷವಿಲ್ಲ.' ಒಳ್ಳೆಯದಾಗುತ್ತದೆ ಅಂತ ಭರವಸೆ ಇಲ್ಲ. ಕೆಟ್ಟದಾಗುವುದಿಲ್ಲ ಅಂತಲೂ ಇಲ್ಲ. ದೋಷವಿಲ್ಲ, ಅಷ್ಟೇ. ಇದನ್ನು ಎಲ್ಲೋ ಓದಿದ್ದೇನಲ್ಲ ಅಂತ ಯೋಚಿಸಿದೆ. ಹೊಳೆಯಿತು. ಸರ್ಕಾರಿ ಕಚೇರಿಯ ಕಡತದಲ್ಲಿ! 'ಈ ಕಚೇರಿಯಿಂದ ಯಾವುದೇ ಆಕ್ಷೇಪಣೆ ಇರುವುದಿಲ್ಲ, ನಿಯಮಾನುಸಾರ ಕ್ರಮ ಕೈಗೊಳ್ಳಬಹುದು.' ಕಾಸು ಎಸೆಯುವವನಿಗೆ ಬೇಕಾಗಿರುವುದು ಭವಿಷ್ಯ ಅಲ್ಲ, ಎನ್‌ಒಸಿ. ನಾಳೆ ಎಲ್ಲಾ ಎಡವಟ್ಟಾದರೆ ಹೆಂಡತಿಗೆ ತೋರಿಸಲು ಒಂದು ಕಾಗದ. ನಾನಲ್ಲ ಕಣೇ, ಮೂರು ಕಾಸು ಹೇಳಿದ್ದು.

ಈ ಚಟ ಹೊಸದಲ್ಲ. ಸುಮಾರು 3200 ವರ್ಷದ ಹಿಂದೆ ಶಾಂಗ್ ವಂಶದ ರಾಜ ವು ಡಿಂಗ್ ಹಲ್ಲುನೋವು ಬಂದರೂ ಎಲುಬು, ಆಮೆ ಚಿಪ್ಪು ಕಾಯಿಸಿ ಬಿರುಕು ಓದಿಸುತ್ತಿದ್ದ. ಯಾವ ಪಿತೃವಿನ ಸಿಟ್ಟಿನಿಂದ ಹಲ್ಲು ನೋಯುತ್ತಿದೆ ಅಂತ ತಿಳಿಯಬೇಕಿತ್ತು. ರಾಣಿ ಫು ಹಾವೊ ಗರ್ಭಿಣಿಯಾದಾಗಲೂ ಕೇಳಿದ. ಉತ್ತರವನ್ನು ಅವನೇ ಓದಿದ. ಆಗಿನ ಹತ್ತು ದಿನದ ವಾರದಲ್ಲಿ ಡಿಂಗ್ ಅನ್ನುವ ದಿನ ಹೆತ್ತರೆ ಒಳ್ಳೆಯದು, ಗೆಂಗ್ ದಿನ ಹೆತ್ತರೆ ಬಹಳ ಒಳ್ಳೆಯದು. 31 ದಿನದ ನಂತರ ಮಗು ಹುಟ್ಟಿತು, ಎರಡೂ ಅಲ್ಲದ ದಿನ. ಚಿಪ್ಪಿನ ಮೇಲೆ ಕೊರೆದಿಟ್ಟರು: 'ಒಳ್ಳೆಯದಾಗಲಿಲ್ಲ, ಹೆಣ್ಣು.' ನೋಡಿ, ರಾಜನ ಮಾತು ತಪ್ಪಲಿಲ್ಲ. ಮಗುವೇ ದಿನ ತಪ್ಪಿಸಿ ಬಂತು. ತಮಾಷೆ ಅಂದರೆ ಈ ಫು ಹಾವೊ 13,000 ಸೈನಿಕರ ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೋದವಳು. ಅದೂ ಅಂಥದ್ದೇ ಚಿಪ್ಪುಗಳಲ್ಲಿ ದಾಖಲಾಗಿದೆ. ತಾಯಿ ಸೇನಾಪತಿ, ಮಗಳು ಹುಟ್ಟಿದರೆ ಅಶುಭ. ಬಿರುಕು ಓದಲು ಬಂದವರಿಗೆ ಕಣ್ಣೆದುರು ಇದ್ದದ್ದು ಓದಲು ಬರಲಿಲ್ಲ.

ಆಮೇಲೆ ಕ್ರಿ.ಪೂ. 213ರಲ್ಲಿ ಚಿನ್ ಚಕ್ರವರ್ತಿ ಪುಸ್ತಕ ಸುಡಿಸಿದ. ಬೇರೆ ರಾಜ್ಯಗಳ ಇತಿಹಾಸ, ಕಾವ್ಯ ಎಲ್ಲಾ ಬೆಂಕಿಗೆ. ವೈದ್ಯ, ಬೇಸಾಯ ಮತ್ತು ಶಕುನದ ಪುಸ್ತಕಗಳಿಗೆ ರಿಯಾಯಿತಿ. ಬುದ್ಧಿವಂತ ಅರಸು. ನಿನ್ನೆ ಏನಾಯಿತು ಅಂತ ಹೇಳುವ ಪುಸ್ತಕ ಅಪಾಯ, ನಾಳೆ ಏನಾಗುತ್ತದೆ ಅಂತ ಹೇಳುವ ಪುಸ್ತಕದಿಂದ ಯಾರಿಗೂ ತೊಂದರೆ ಇಲ್ಲ.

ಈಗಿನ ಸರ್ಕಾರ ನಾಸ್ತಿಕ. ಮೂಢನಂಬಿಕೆಗೆ ಇಳಿದ ಕಮ್ಯುನಿಸ್ಟ್ ಪಕ್ಷದ ಸದಸ್ಯರಿಗೆ ಶಿಸ್ತಿನ ನಿಯಮದಲ್ಲಿ ಶಿಕ್ಷೆಯೇ ಇದೆ. ಲಂಚದಲ್ಲಿ ಸಿಕ್ಕಿಬಿದ್ದ ದೊಡ್ಡ ಅಧಿಕಾರಿಗಳ ಆರೋಪಪಟ್ಟಿಯಲ್ಲಿ 'ಮೂಢನಂಬಿಕೆ ಚಟುವಟಿಕೆ' ಅನ್ನುವ ಸಾಲು ಆಗಾಗ ಕಾಣಿಸುತ್ತದೆ. ಅವರ ಜೋಯಿಸರು ದಾಳಿಯ ದಿನಾಂಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದರೋ ಏನೋ.

ಹುಡುಗರನ್ನು ಮಾತ್ರ ಬೈಯಲು ನನಗೆ ಮನಸ್ಸಿಲ್ಲ. 2023ರ ಜೂನ್‌ನಲ್ಲಿ ಚೀನಾದ ನಗರಗಳಲ್ಲಿ 16ರಿಂದ 24 ವಯಸ್ಸಿನವರ ನಿರುದ್ಯೋಗ ಶೇ 21.3. ಆಗಸ್ಟ್ ಹೊತ್ತಿಗೆ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿದರು. ವಿದ್ಯಾರ್ಥಿಗಳನ್ನು ಹೊರಗಿಟ್ಟು ಹೊಸ ಲೆಕ್ಕ ಶುರು ಮಾಡಿದಾಗ ಅದು ಶೇ 14.9ಕ್ಕೆ ಇಳಿದಿತ್ತು. ಕಾಸು ಅದೇ, ಯಾವ ಮುಖಕ್ಕೆ ಎಷ್ಟು ಅಂಕ ಅನ್ನುವುದು ಬದಲಾಯಿತು! ಅದೇ ವರ್ಷ ಅಲ್ಲಿ ಒಂದು ಜೋಕ್ ಓಡಾಡಿತು. ಶಾಂಗ್‌ಬಾನ್ ಅಂದರೆ ಕೆಲಸಕ್ಕೆ ಹೋಗುವುದು, ಶಾಂಗ್‌ಜಿನ್ ಅಂದರೆ ಜೀವನದಲ್ಲಿ ಮೇಲೆ ಬರುವುದು, ಶಾಂಗ್‌ಶಿಯಾಂಗ್ ಅಂದರೆ ಊದಿನಕಡ್ಡಿ ಹಚ್ಚುವುದು. ನಾವು ಮೂರನೆಯದನ್ನು ಆರಿಸಿಕೊಂಡಿದ್ದೇವೆ ಅಂತ ಹುಡುಗರು ದೇವಸ್ಥಾನದ ಮುಂದೆ ಸಾಲು ನಿಂತರು. 2025ರಲ್ಲಿ ಡೀಪ್‌ಸೀಕ್ ಅನ್ನುವ ಎಐ ಬಂದ ಕೂಡಲೇ ಅದಕ್ಕೂ ಜಾತಕ ಕೊಟ್ಟು ಭವಿಷ್ಯ ಕೇಳಿದರು. ಅಷ್ಟೊಂದು ಚಿಪ್, ಅಷ್ಟೊಂದು ಕರೆಂಟು, ಕೊನೆಗೆ ಗಿಣಿಶಾಸ್ತ್ರದವನ ಗಿಣಿ ಕೆಲಸ.

ಓದಿದವರ ಗುಂಪು ಬೇರೆ ಇದೆ. ಕಂಪ್ಯೂಟರ್ ಹುಟ್ಟಿದ್ದೇ ಯಿ ಜಿಂಗ್‌ನಿಂದ ಅನ್ನುತ್ತಾರೆ. ಸೊನ್ನೆ ಒಂದರ ಲೆಕ್ಕವನ್ನು ಜರ್ಮನಿಯ ಗಣಿತಜ್ಞ ಲೈಬ್ನಿಜ್ 1703ರಲ್ಲಿ ಪ್ರಕಟಿಸಿದಾಗ ಈ ಗುವಾಗಳ ಬಗ್ಗೆ ಬರೆದದ್ದು ನಿಜ. ಆದರೆ ಲೆಕ್ಕ ಅವನ ಕೈಯಲ್ಲಿ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಇತ್ತು. ಎಲ್ಲಾ ನಮ್ಮ ಹಳೇ ಗ್ರಂಥದಲ್ಲೇ ಇದೆ ಅನ್ನುವ ಮಾವಂದಿರು ನಮ್ಮಲ್ಲಷ್ಟೇ ಇಲ್ಲ ಅಂತ ಸಮಾಧಾನವಾಯಿತು. ಮನೋವಿಜ್ಞಾನಿ ಕಾರ್ಲ್ ಯುಂಗ್ ಇನ್ನೂ ಒಂದು ಹೆಜ್ಜೆ ಮುಂದೆ. 1950ರ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆಯುವಾಗ ಅವರು ಕಾಸು ಹಾಕಿ ಪುಸ್ತಕವನ್ನೇ ವಿಚಾರಿಸಿದರು. ಬಂದದ್ದು 50ನೇ ಗುವಾ, ಅಡುಗೆಯ ಕಂಚಿನ ಪಾತ್ರೆ. ನನ್ನಲ್ಲಿ ಒಳ್ಳೆಯ ಊಟ ಇದೆ ಅಂತ ಪುಸ್ತಕ ತನ್ನ ಬಗ್ಗೆ ಹೇಳಿಕೊಳ್ಳುತ್ತಿದೆ ಅಂತ ಅವರು ಅರ್ಥ ಮಾಡಿದರು. ಹೋಟೆಲಿನವನನ್ನೇ ಸಾಂಬಾರ್ ಹೇಗಿದೆ ಅಂತ ಕೇಳಿದಂತೆ. ಕ್ರಿಸ್ತಪೂರ್ವ ಕಾಲದ ಶುನ್‌ಜಿ ಅನ್ನುವ ಪಂಡಿತ ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದಾನೆ: ಯಿ ಜಿಂಗ್ ಚೆನ್ನಾಗಿ ತಿಳಿದವನು ಶಕುನ ಕೇಳುವುದಿಲ್ಲ. ಅವನ ಹೆಸರಿನಲ್ಲಿ ಆ್ಯಪ್ ಬಂದಿರಲಾರದು.

ಯುಂಗ್ ಮಾಡಿದ್ದನ್ನು ನಾನೂ ಮಾಡೋಣ ಅಂತ ಹೊರಟೆ. ನಮ್ಮೂರಿನ ವಾಸ್ತು ಸಾಮಾನಿನ ಅಂಗಡಿಯಲ್ಲಿ ಮೂರು ಚೀನೀ ಕಾಸನ್ನು ಕೆಂಪು ದಾರದಲ್ಲಿ ಕಟ್ಟಿ ಮಾರುತ್ತಾರೆ. ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರೆ ದುಡ್ಡು ನಿಲ್ಲುತ್ತದಂತೆ. ಅಲ್ಲಿ ಎಸೆಯುವ ಕಾಸನ್ನು ನಾವು ಇಲ್ಲಿ ಕಟ್ಟಿಹಾಕಿದ್ದೇವೆ. ಲಕ್ಷ್ಮಿ ಚಂಚಲೆ ಅಂತ ಗೊತ್ತಿರುವ ಜನ ನಾವು. ಮನೆಗೆ ತಂದು ಕತ್ತರಿಯಿಂದ ದಾರ ಕತ್ತರಿಸಿ ಕೇಳಿದೆ: ನಿನ್ನ ಬಗ್ಗೆ ಲೇವಡಿ ಬರೆಯಬಹುದೇ?

ಬಂದದ್ದು ನಾಲ್ಕನೇ ಗುವಾ. ಹೆಸರು ಹೆಚ್ಚು ಕಡಿಮೆ 'ಮಂಗ್' ಅಂತ ಉಚ್ಚರಿಸುತ್ತಾರೆ. ಅರ್ಥ, ಎಳೆಯರ ಅವಿವೇಕ. ಕನ್ನಡದವರಿಗೆ ಅನುವಾದ ಬೇಕಾಗಲಿಲ್ಲ. ಕೆಳಗೆ ವಿವರಣೆಯೂ ಇತ್ತು: ಮೊದಲ ಸಲ ಕೇಳಿದರೆ ಹೇಳುತ್ತೇನೆ. ಎರಡು ಮೂರು ಸಲ ಕೇಳಿದರೆ ಅದು ಕಾಟ. ಕಾಟ ಕೊಡುವವರಿಗೆ ಹೇಳುವುದಿಲ್ಲ.

ಸರಿ ಅಂತ ಎರಡನೇ ಸಲ ಹಾಕಿದೆ. ಕೊನೆಯ ಗುವಾ, 64ನೆಯದು. 'ಇನ್ನೂ ದಾಟಿಲ್ಲ.' ಪುಟ್ಟ ನರಿಯೊಂದು ಹೊಳೆ ದಾಟುತ್ತಾ ದಾಟುತ್ತಾ ದಡದ ಹತ್ತಿರ ಬಂದು ಬಾಲ ಒದ್ದೆ ಮಾಡಿಕೊಂಡಿತಂತೆ. ಅದು ನಾನೋ, ಪುಸ್ತಕವೋ, ಸಂಪಾದಕರೋ ತಿಳಿಯಲಿಲ್ಲ. ಮೂರನೇ ಸಲ ಹಾಕಿದೆ. ಐದು ಗೆರೆ ಸರಾಗ ಬಂತು. ಆರನೆಯದಕ್ಕೆ ಎರಡು ಕಾಸು 3, 3 ಬಿದ್ದವು. ಮೂರನೆಯದು ಉರುಳಿಕೊಂಡು ಹೋಗಿ ಫ್ರಿಜ್ ಕೆಳಗೆ ಸೇರಿತು. ಅದು 2 ಆಗಿದ್ದರೆ ಒಂದು ಗುವಾ, 3 ಆಗಿದ್ದರೆ ಇನ್ನೊಂದು. ಮೊಬೈಲ್ ಟಾರ್ಚ್ ಹಾಕಿಕೊಂಡು ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದೆ.

"ಏನೋ ಹುಡುಕ್ತಿದ್ದೀಯ?" ಅಂದರು ಅಮ್ಮ.

"ಉತ್ತರ."

"ಪೊರಕೆ ಆ ಮೂಲೇಲಿದೆ. ಹಾಗೇ ಕೆಳಗಿನ ಕಸಾನೂ ತೆಗೆದುಬಿಡು."