ಸ್ಪಷ್ಟನೆ: ಎಲೆಕ್ಟ್ರಾನಿಗೆ ನಮ್ಮ ಪ್ರಜ್ಞೆಯ ಹಂಗಿಲ್ಲ

‘ನೋಡಿದರೆ ಎಲೆಕ್ಟ್ರಾನ್ ಕಣ, ನೋಡದಿದ್ದರೆ ಅಲೆ, ಉಪನಿಷತ್ತಿನ ಸಾಕ್ಷಿಚೈತನ್ಯ (ಎಲ್ಲವನ್ನೂ ನೋಡುತ್ತಿರುವ ಪ್ರಜ್ಞೆ) ಸಾಬೀತಾಯಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಈ ಮಾತು ಹುಟ್ಟಿದ್ದು ಜೋಡಿ ಸೀಳಿನ ಪ್ರಯೋಗದಿಂದ: ಎರಡು ಸಣ್ಣ ಸೀಳುಗಳ ಮೂಲಕ ಕಣಗಳನ್ನು ಹಾಯಿಸಿದರೆ ಆಚೆಯ ಪರದೆಯಲ್ಲಿ ಅಲೆಯಂಥ ಪಟ್ಟೆಗಳು ಮೂಡುತ್ತವೆ. ಅಲ್ಲಿ ‘ನೋಡುವುದು’ ಎಂದರೆ ಕಣ್ಣಲ್ಲ, ಮನಸ್ಸೂ ಅಲ್ಲ. ಕಣ ಯಾವ ಸೀಳಿನಿಂದ ಹಾದುಬಂತೆಂಬ ಗುರುತು ಹೊರಗೆ ಎಲ್ಲಾದರೂ ಉಳಿಯುವುದು, ಅಷ್ಟೇ. ಗುರುತು ಉಳಿದರೆ ಪಟ್ಟೆಗಳು ಮಾಯ.

2004ರಲ್ಲಿ ವಿಯೆನ್ನಾದಲ್ಲಿ 70 ಕಾರ್ಬನ್ ಪರಮಾಣುಗಳ ಅಣುಗಳನ್ನು ಲೇಸರಿನಿಂದ ಕಾಯಿಸಿ ಸೂಕ್ಷ್ಮ ಜಾಲರಿಗಳ ಮೂಲಕ ಹಾಯಿಸಿದರು. ಬಿಸಿ ಕಡಿಮೆಯಿದ್ದಾಗ ಅಲೆಯ ಪಟ್ಟೆಗಳು ಸ್ಪಷ್ಟ. ಬಿಸಿ ಏರಿದಂತೆ ಮಾಸುತ್ತ ಮಾಸುತ್ತ ಅಳಿಸಿಹೋದವು. ಕಾದ ಕಬ್ಬಿಣದಂತೆ ಅಣುವೇ ಬೆಳಕು ಚೆಲ್ಲಿ ತನ್ನ ಜಾಡು ಬಿಟ್ಟುಕೊಟ್ಟಿತ್ತು. ಆ ಬೆಳಕನ್ನು ಯಾರೂ ನೋಡುತ್ತಿರಲಿಲ್ಲ.

ಪ್ರಜ್ಞೆಗೆ ಪಾತ್ರವಿದೆಯೆಂದು 1961ರಲ್ಲಿ ವಾದಿಸಿದ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಕೂಡ ಮುಂದೆ ಆ ನಿಲುವು ಕೈಬಿಟ್ಟರು. ಇನ್ನು ಉಪನಿಷತ್ತಿನ ಸಾಕ್ಷಿಯಾದರೂ ಏನನ್ನೂ ಬದಲಿಸುವುದಿಲ್ಲ: ಮುಂಡಕದ ಎರಡು ಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ.