ಭಾಳ ಬ್ಯುಸಿ ಅದೀನ್ರಿ, ಆಮ್ಯಾಲ ಮಾತಾಡೋಣ

ಕಲಬುರಗ್ಯಾಗ ಈಗ ಖಾಲಿ ಕೂತವರು ಯಾರೂ ಸಿಗಂಗಿಲ್ಲ. ಜಗತ್ ಸರ್ಕಲ್‌ನಾಗ ಚಾ ಕುಡ್ಕೋತ ನಿಂತವನಿಗಿ ಮಾತಾಡ್ಸ್ರಿ, "ಭಾಳ ಬ್ಯುಸಿ ನೋಡ್ರಿ" ಅಂತಾನ, ಅದೂ ಎರಡನೇ ಚಾ ಹೇಳಿದ ಮ್ಯಾಲ. ಸ್ಟೇಷನ್ ರೋಡಿನ ಬ್ಯಾಂಕಿನವ ಬ್ಯುಸಿ, ಇನ್ಶೂರೆನ್ಸ್ ಏಜೆಂಟ್ ಬ್ಯುಸಿ, ಟ್ಯೂಷನ್ ಸರ್ ಬ್ಯುಸಿ, ನೌಕ್ರಿ ಹುಡುಕ್ಲಕತ್ತ ಹುಡುಗ ಅಂತೂ ಇವರೆಲ್ಲಾರಕಿಂತ ಬ್ಯುಸಿ, ಯಾಕಂದ್ರ ಅವ ದಿನಾ ಲಿಂಕ್ಡ್‌ಇನ್ (ನೌಕ್ರಿಯವರ ಫೇಸ್‌ಬುಕ್ ಇದ್ದಂಗ) ತಗದು ನೌಕ್ರಿ ಸಿಕ್ಕವರಿಗೆಲ್ಲ ಕಂಗ್ರಾಟ್ಸ್ ಹೇಳ್ಬೇಕು. ಮೊದಲ ಕೆಲ್ಸ ಜಾಸ್ತಿ ಆದ್ರ ಮಂದಿ ಬೈಕೋತಿದ್ರು, ಈಗ ಬ್ಯುಸಿ ಅನ್ನೋದನ್ನ ಮದುವಿ ಬಯೋಡೇಟಾದಾಗ ಹಾಕೋದೊಂದೇ ಬಾಕಿ.

ಮೊನ್ನೆ ನಮ್ಮ ಕಾಕಾ ಒಬ್ಬರು, ರಿಟೈರ್ಡ್ ಹೈಸ್ಕೂಲ್ ಮಾಸ್ತರ್, ತಮ್ಮ ಅಣ್ಣನ ಮಗನಿಗಿ ಫೋನ್ ಹಚ್ಚಿದ್ರು. ನಾ ಬಾಜೂಕೇ ಕೂತಿದ್ದೆ, ಸ್ಪೀಕರ್ ಚಾಲೂ ಇತ್ತು.

"ಏನ್ ನಡಸಿಯೋ ತಮ್ಮಾ?"

"ಕಾಲ್ ಮ್ಯಾಲ ಕಾಲ್ ಕಾಕಾ, ಉಸಿರಾಡ್ಲಾಕ ಪುರಸತ್ತಿಲ್ಲ."

"ಅಷ್ಟೆಲ್ಲಾ ಏನ್ ಮಾತಾಡ್ತೀರೋ?"

"ಮುಂದಿನ ಕಾಲ್ ಯಾವಾಗ ಇಡೋದು ಅಂತ ಅಲೈನ್ ಆಗ್ತೀವಿ."

"ಮತ್ತ ಕೆಲ್ಸ ಯಾವಾಗ ಮಾಡ್ತೀರಿ?"

"ಅದಕ್ಕೇ ಕಾಕಾ ರಾತ್ರಿ ಕೂಡಬೇಕಾಗ್ತದ."

ಕಾಕಾ ನಗ್ತಾರಂತ ನಾ ಮಾಡಿದ್ದೆ. ಅವರು ಫೋನ್ ಇಟ್ಟು, "ಪಾಪ, ಹುಡುಗ ಭಾಳ ದುಡೀತದ" ಅಂದು ಕಣ್ಣಾಗ ನೀರು ತಂದ್ಕೊಂಡ್ರು. ಈ ರೋಗದ ತಾಕತ್ತೇ ಅದು ನೋಡ್ರಿ, ಹತ್ತಿದವನಿಗಿಂತ ನೋಡಿದವರಿಗಿ ಜಾಸ್ತಿ ಅಭಿಮಾನ.

ಗಂಜ್‌ನಾಗ, ಅಂದ್ರ ಕಾಳಿನ ಪ್ಯಾಟ್ಯಾಗ, ನಮ್ಮ ಪರಿಚಯದವರದ್ದೊಂದು ದಾಲ್ ಮಿಲ್ ಅದ. ಮುತ್ಯಾ ಹಾಕಿದ್ದು, ಅಪ್ಪ ಬೆಳೆಸಿದ್ದು, ಮಗ ಎಂಬಿಎ ಮುಗಿಸ್ಕೊಂಡು ಬಂದು ನೋಡ್ನೋಡೋದ್ರಾಗ ಅದರ ಫೌಂಡರ್ ಆಗ್ಯಾನ. ಮುತ್ಯಾನ ಫೋಟೋ ಆಫೀಸಿನಾಗ ಹಾರ ಹಾಕ್ಕೊಂಡು ತೂಗ್ತದ, ಅದರ ಕೆಳಗ ಕೂತು ಇವ ಫೌಂಡರ್. ಹೆಸರಿನ ಕೆಳಗ ಮತ್ತ ಆಗ್ರಿಟೆಕ್ ಎವಾಂಜೆಲಿಸ್ಟ್, ಸ್ಟೋರಿಟೆಲ್ಲರ್, ಪಲ್ಸಸ್ ಎಂಥೂಸಿಯಾಸ್ಟ್ ಅಂತ ಬೇರೆ. ಬ್ಯಾಳಿ ಮ್ಯಾಲ ಪ್ರೀತಿ ಇರೋದು ತಪ್ಪಲ್ಲ, ನಮಗೂ ಅದ, ಆದ್ರ ನಾವು ಅದನ್ನ ಊಟದ ಹೊತ್ತಿಗಿ ಅಷ್ಟೇ ತೋರಸ್ತೀವಿ.

ತೊಗರಿ ಸೀಸನ್ನಿನಾಗ ಇವಂದು ಒಂದು ಶೂಟಿಂಗ್ ನಡೀತು. ಗಂಜ್ ಅಂದ್ರ ಆವಾಗ ಗೊತ್ತಲ್ಲ, ಕಾಲಿಡ್ಲಾಕ ಜಾಗ ಇರಂಗಿಲ್ಲ, ಲಾರಿ, ಟ್ರ್ಯಾಕ್ಟರ್, ಧೂಳು, ಅಡತಿಯವರ ಕೂಗಾಟ. ಇವ ಬಿಳಿ ಬೂಟ್ ಹಾಕ್ಕೊಂಡು ತೊಗರಿ ರಾಶಿ ಮುಂದ ಕುಕ್ಕರಗಾಲಲೇ ಕೂತು, ಮುಷ್ಟಿ ತುಂಬ ತೊಗರಿ ಹಿಡದು ಬೆರಳಿನ ಸಂದ್ಯಾಗಿಂದ ಸಾವಕಾಶ ಬಿಡಬೇಕು, ಹಿಂದ ಒಬ್ಬ ಹಮಾಲ ಚೀಲ ಹೊತ್ಕೊಂಡು ಹಾದು ಹೋಗ್ಬೇಕು, ಇದು ಸೀನು. ಮೊದಲನೇ ಸಲ ತೊಗರಿ ಜಲ್ದಿ ಬಿತ್ತು. ಎರಡನೇ ಸಲ ನಡಬರಕ ಎತ್ತು ಬಂತು. ಮೂರನೇದಕ್ಕ ಕ್ಯಾಮೆರಾದವ "ಕಾಕಾ ಅಲ್ಲೇ ನಿಲ್ಲು, ಲೈಟ್ ಮಸ್ತ್ ಬಂದದ" ಅಂತ ಹಮಾಲನ್ನ ನಿಲ್ಲಿಸಿಬಿಟ್ಟ. ಆ ಮುದುಕ ಬೆನ್ನ ಮ್ಯಾಲ ಚೀಲ, ಕೈಯಾಗ ಕೊಕ್ಕಿ, ಅರ್ಧ ಬಗ್ಗಿ ನಿಂತಾನ, ಇಳಸಂಗಿಲ್ಲ, ಇಳಸಿದ್ರ ಮತ್ತ ಎತ್ತಿ ಹೊರಸ್ಲಾಕ ಇಬ್ಬರು ಬೇಕು. ಇವ ಇಲ್ಲಿ ತೊಗರಿ ಬಿಡ್ಲಕತ್ತಾನ, ಇನ್ನೊಮ್ಮೆ, ಇನ್ನೊಮ್ಮೆ. ಕಡೀಕ ಮುದುಕಗ ತಡೀಲಾಗ್ದೆ, "ಸಾಹುಕಾರ್ರ, ನಿಮ್ದು ಆಯ್ತೇನು, ನಾ ಹೋಗ್ಲೇನು?" ಅಂದ.

ಸಂಜಿಗಿ ಪೋಸ್ಟ್ ಬಂತು: "ಇವತ್ತು ಒಬ್ಬ ಹಮಾಲ ನನಗೆ ಲೀಡರ್‌ಶಿಪ್ ಕಲಿಸಿದ." ಅದರ ಕೆಳಗ ಏಳು ಪಾಠ, ಒಂದೊಂದು ಸಾಲಿಗಿ ಒಂದೊಂದು ಪ್ಯಾರಾ, ನಡಬರಕ ಹೊಲದಷ್ಟು ಜಾಗ ಖಾಲಿ. ಮುದುಕ ಇವನ ಹೆಗಲ ಮ್ಯಾಲ ಕೈ ಇಟ್ಟು "ಮಗಾ, ಭಾರ ಇರೋದು ಬೆನ್ನಿನ ಮೇಲಲ್ಲ, ಮನಸ್ಸಿನ ಮೇಲೆ" ಅಂದನಂತ. ಹೆಗಲ ಮ್ಯಾಲ ಇಡ್ಲಾಕ ಅವನ ಕೈ ಎಲ್ಲಿ ಖಾಲಿ ಇತ್ತು ಅಂತ ಯಾರೂ ಕೇಳಲಿಲ್ಲ. "ಗೂಸ್‌ಬಂಪ್ಸ್ ಬ್ರೋ" ಅಂತ ಒಬ್ಬ, "ಸೋ ಹಂಬಲ್" ಅಂತ ಇನ್ನೊಬ್ಬ. ಹಮಾಲಿ ದರ ಎಷ್ಟು ಕೊಡ್ತೀ ಅನ್ನೋದು ಆ ಏಳು ಪಾಠದಾಗ ಬರಂಗಿಲ್ಲ, ಅದು ಸಿಲಬಸ್ ಹೊರಗಿಂದು.

ಇಲ್ಲೊಂದು ಮಾತು ಹೇಳೇ ಮುಂದ ಹೋಗ್ತೀನಿ. ನಮ್ಮ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ತು, ಅಂದ್ರ ಸರ್ಕಾರನೇ ಒಪ್ಪಿದ ಖರೇ ಬ್ರ್ಯಾಂಡು. ಈ ಕರಿ ಮಣ್ಣು, ಈ ಬಿಸಲು, ಆ ರುಚಿ, ಅದರಿಂದ ಬಂತು. ಅದಕ್ಕಾಗಿ ಬ್ಯಾಳಿ ಒಂದು ದಿನಾನೂ ಒಂದು ಪೋಸ್ಟ್ ಹಾಕಿದ್ದಿಲ್ಲ.

ಮನಷ್ಯಾನೂ ಒಂದು ಬ್ರ್ಯಾಂಡ್ ಆಗಬೇಕು ಅನ್ನೋದನ್ನ 1997ರಾಗ ಟಾಮ್ ಪೀಟರ್ಸ್ ಅನ್ನೋ ಅಮೆರಿಕಾದ ಮ್ಯಾನೇಜ್‌ಮೆಂಟ್ ಪಂಡಿತ ಒಂದು ಲೇಖನ ಬರದು ಹಬ್ಬಿಸಿದ. 2003ರಾಗ ಲಿಂಕ್ಡ್‌ಇನ್ ಶುರು ಆಯ್ತು, 2016ರಾಗ ಮೈಕ್ರೋಸಾಫ್ಟ್ ಅದನ್ನ 2,620 ಕೋಟಿ ಡಾಲರ್ ಕೊಟ್ಟು ತಗೊಂತು. ನಾವು ದಿನಾ ಪುಕ್ಸಟ್ಟೆ ಬರ್ಕೊಡೋ "ಥ್ರಿಲ್ಡ್ ಟು ಅನೌನ್ಸ್"ಗಳಿಗಿ ಅಷ್ಟು ರೊಕ್ಕ ಅದ ಅಂತ ಅವರಿಗಿ ಗೊತ್ತಿತ್ತು, ನಮಗ ಗೊತ್ತಿದ್ದಿಲ್ಲ.

ಇದಕ್ಕ ತಾಸಿನ ಲೆಕ್ಕ ಬೇರೆ ಕೂಡ್ತು. 2023ರಾಗ ಇನ್ಫೋಸಿಸ್‌ನ ನಾರಾಯಣ ಮೂರ್ತಿ ಅವರು ಹುಡುಗರು ವಾರಕ್ಕ 70 ತಾಸು ದುಡೀಬೇಕು ಅಂದ್ರು. 2025ರ ಜನವರಿದಾಗ ಎಲ್ ಅಂಡ್ ಟಿ ಚೇರ್ಮನ್ನರು 90 ತಾಸು ಅಂದ ವಿಡಿಯೋ ಹೊರಬಿತ್ತು, ಆಯ್ತವಾರನೂ ಬರ್ರಿ, ಮನ್ಯಾಗ ಕೂತು ಹೆಂಡತಿ ಮಾರಿ ಎಷ್ಟೊತ್ತು ನೋಡ್ತೀರಿ ಅಂತ. 1948ರ ಕಾರ್ಖಾನಿ ಕಾಯ್ದಾದಾಗ ವಾರಕ್ಕ 48 ತಾಸಿಗಿ ಗೆರಿ ಹಾಕಿದ್ರು, ಅದು ಆವಾಗ ಮಂದಿಗಿ ಪರ್ಸನಲ್ ಬ್ರ್ಯಾಂಡ್ ಇದ್ದಿಲ್ಲ ಅಂತ ಇರಬೇಕು. 90ನ್ನ ಏಳು ದಿನಕ್ಕ ಭಾಗಿಸ್ರಿ, ದಿನಕ್ಕ ಸುಮಾರು ಹದಿಮೂರು ತಾಸು. ಇದನ್ನ ತಂದು ಕಲಬುರಗಿ ಮೇ ತಿಂಗಳದಾಗ ಹಚ್ರಿ ನೋಡೋಣ. ಇಲ್ಲಿ ಬ್ಯಾಸಗಿ ಬಂದ್ರ ಸರ್ಕಾರನೇ ಕೈ ಮುಗದು ಏಪ್ರಿಲ್, ಮೇ ಎರಡು ತಿಂಗಳು ಆಫೀಸ್ ಟೈಮ್ ಮುಂಜಾನಿ 8ರಿಂದ ಮಧ್ಯಾಹ್ನ 1.30ಕ್ಕ ತರ್ತದ. ಒಂದೂವರಿ ಆದ ಮ್ಯಾಲ ರೋಡಿನ ಮ್ಯಾಲ ನಾಯಿ ಸೈತ ಸಿಗಂಗಿಲ್ಲ. ನಮ್ಮ ಪರಿಚಯದ ಒಬ್ಬ ನೌಕರದಾರ ಸಾಹೇಬ್ರು ಒಂದೂವರಿಗಿ ಮನಿಗಿ ಬಂದು, ಉಂಡು, ಕೂಲರ್ ಮುಂದ ಮಲಗಿ, ನಾಕಕ್ಕ ಎದ್ದು "ಗ್ರೈಂಡ್ (ಅಂದ್ರ ದುಡಿಮಿ) ಎಂದೂ ನಿಲ್ಲಂಗಿಲ್ಲ" ಅಂತ ಲ್ಯಾಪ್‌ಟಾಪ್ ಮುಂದ ಕೂತ ಫೋಟೋ ಹಾಕ್ತಾರ. ಫೋಟೋದಾಗ ಅವರ ಮೈ ಮ್ಯಾಲ ಸ್ವೆಟರ್ ಅದ. ಮೇ ತಿಂಗಳದಾಗ. ಕಲಬುರಗ್ಯಾಗ.

ಇಂಥವರಿಗೆಲ್ಲ ಅಂತನೇ ಇಲ್ಲೊಂದು ಹೋಟೆಲ್ ಹಾಲ್‌ನಾಗ ಪರ್ಸನಲ್ ಬ್ರ್ಯಾಂಡಿಂಗ್ ವರ್ಕ್‌ಶಾಪ್ ಇಟ್ಟಿದ್ರು, ಗೆಳೆಯ ಒಬ್ಬ ಪಾಸ್ ಕೊಟ್ಟ, ಊಟ ಅದ ಅಂದ, ಹೋದೆ. ಟ್ರೇನರ್ ಬೆಂಗಳೂರಿನವ, ವಂದೇ ಭಾರತ್‌ನಾಗ ಬಂದಿದ್ದ, ಸೀಟಿನ ಮುಂದ ಲ್ಯಾಪ್‌ಟಾಪ್ ತಗದಿಟ್ಟ ಫೋಟೋ ಆಗಲೇ ಹಾಕಿ ಮುಗಿಸಿದ್ದ. ಅವ ಹೇಳಿದ ಟಿಪ್ಸ್ ಎಲ್ಲಾ ನಿಮಗೂ ಗೊತ್ತು. ಒಂದು ಟೊಮ್ಯಾಟೊ ಆಕಾರದ ಗಡಿಯಾರ ಇಟ್ಕೊಂಡು 25 ಮಿನಿಟ್ ಕೆಲ್ಸ ಮಾಡ್ರಿ ಅನ್ನೋದು, ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಅನ್ನವ 1980ರ ದಶಕದಾಗ ಓದ್ಲಾಕ ಮನಸ್ಸು ಹತ್ತದೇ ಮಾಡ್ಕೊಂಡಿದ್ದ ಉಪಾಯ, ಪಾಪ ಅವನ ಗಡಿಯಾರಕ್ಕ ಕರೆಂಟ್ ಹೋಗೋದು, ನಳ ಬರೋದು, ಮಾವ ಬಂದು ಬಾಗಲದಾಗ ನಿಲ್ಲೋದು ಇವೆಲ್ಲ ಗೊತ್ತಿದ್ದಿಲ್ಲ.

ಖರೇ ಮಜಾ ಆಮ್ಯಾಲ ಬಂತು. ಊರಿಗಿ ತಕ್ಕಂಗ ಮಾತಾಡ್ಬೇಕಲ್ಲ, ಟ್ರೇನರ್ ಸಾಹೇಬ್ರು ಮೈಕ್ ಬಾಯಿ ಹತ್ರ ತಂದು, "ನಿಮ್ಮ ಪಕ್ಕದ ಬಸವಕಲ್ಯಾಣದ ಅನುಭವ ಮಂಟಪ ಏನು ಗೊತ್ತಾ, ಅದು ಜಗತ್ತಿನ ಮೊದಲ ಕೋ-ವರ್ಕಿಂಗ್ ಸ್ಪೇಸ್!" ಅಂದ್ರು. ಚಪ್ಪಾಳಿ ಬಿತ್ತು. "ಬಸವಣ್ಣನ ಪರ್ಸನಲ್ ಬ್ರ್ಯಾಂಡ್ ನೋಡಿ, ಎಂಟುನೂರು ವರ್ಷ ಆದರೂ ರೀಚ್ ಕಡಿಮೆ ಆಗಿಲ್ಲ!" ಮತ್ತ ಚಪ್ಪಾಳಿ. ಹಿಂದಿನ ಪರದೆ ಮ್ಯಾಲ ದೊಡ್ಡಕ "ಕಾಯಕವೇ ಕೈಲಾಸ", ಅದರ ಬಾಜೂಕ ರಾಕೆಟ್ ಎಮೋಜಿ.

ಅಲ್ರಿ, ಬಿಜ್ಜಳನ ಭಂಡಾರ ನೋಡ್ಕೊಂಡಿದ್ದ ಮನಷ್ಯಾ, ಅಷ್ಟು ವಚನ ಬರದು ಪ್ರತಿ ವಚನದ ಕಡೀಗಿ ಹಾಕಿದ್ದು ಯಾರ ಹೆಸರು? ಕೂಡಲಸಂಗಮದೇವ ಅಂತ. ಅಕ್ಕ ಹಾಕಿದ್ದು ಚೆನ್ನಮಲ್ಲಿಕಾರ್ಜುನ ಅಂತ. ತಮ್ಮ ಮಾತಿಗಿ ತಮ್ಮ ಹೆಸರನ್ನೇ ಹಚ್ಚದವರನ್ನ ಹಿಡ್ಕೊಂಡು ಬಂದು ಬ್ರ್ಯಾಂಡಿಂಗ್ ಪಾಠ. ಇರ್ಲಿ, ಅದನ್ನಾದ್ರೂ ಬಿಡೋಣ, ಆ ರಾಕೆಟ್ ಎಮೋಜಿ ಹಚ್ಚಿದ ಮಾತು ಯಾರದು ಅಂತ ಹಾಲ್‌ನಾಗ ಕೇಳಿದ್ರ ಎಲ್ಲಾರೂ ಬಸವಣ್ಣ ಅಂತಿದ್ರು. ಅದು ಆಯ್ದಕ್ಕಿ ಮಾರಯ್ಯನ ವಚನದ ಮಾತು. ಈ ಮಾರಯ್ಯ ಕಲ್ಯಾಣದಾಗ ಕೆಳಗ ಚೆಲ್ಲಿದ ಅಕ್ಕಿ ಆಯ್ಕೊಂಡು ಬಂದು ಹೊಟ್ಟಿ ಹೊರಕೊಂಡು ದಾಸೋಹ ಮಾಡ್ತಿದ್ದ, ಒಂದಿನ ರೋಜಿನಕಿಂತ ಜಾಸ್ತಿ ಅಕ್ಕಿ ಕಟ್ಕೊಂಡು ಮನಿಗಿ ಬಂದ. ಹೆಂಡತಿ ಲಕ್ಕಮ್ಮ ಏನ್ ಮಾಡಿದ್ಳು? ಟಾರ್ಗೆಟ್ ದಾಟಿದಿ ಅಂತ ಆರತಿ ಎತ್ತಿದ್ಳಾ? ಇಷ್ಟು ಅಕ್ಕಿ ಆಸೆ ನಿನಗ್ಯಾಕ, ಬೇಕಾದಷ್ಟು ಇಟ್ಟು ಉಳಿದದ್ದು ತಗೊಂಡೋಗಿ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದ್ಳು, ಇವ ಹೋಗಿ ಸುರಿದೂ ಬಂದ. ಹೆಚ್ಚಿಗಿ ದುಡದದ್ದಕ್ಕ ಮನ್ಯಾಗ ಬೈಸ್ಕೊಂಡವನ ಮಾತು ಈಗ ಓವರ್‌ಟೈಮ್ ರೊಕ್ಕ ಕೇಳಿದವರ ಬಾಯಿ ಮುಚ್ಚಸ್ಲಾಕ ಗ್ವಾಡಿ ಮ್ಯಾಲ ಫ್ರೇಮ್ ಹಾಕ್ಸಿಟ್ಟಾರ. ಅದೇ ವಚನದಾಗ ಮಾರಯ್ಯ ಇನ್ನೊಂದು ಹೇಳ್ತಾನ, ಕಾಯಕದಾಗ ಇದ್ದಾಗ ಗುರು ಬಂದ್ರೂ ಅದನ್ನ ಮರೀಬೇಕು ಅಂತ. ನಮ್ಮವರು ಮೊಬೈಲ್ ಟಣ್ ಅಂದ್ರ ಕಾಯಕನೇ ಮರೀತಾರ. ಇವತ್ತಿನ ಎಚ್‌ಆರ್ ಕೈಯಾಗ ಲಕ್ಕಮ್ಮ ಸಿಕ್ಕಿದ್ರ ಗ್ರೋತ್ ಮೈಂಡ್‌ಸೆಟ್ ಇಲ್ಲ ಅಂತ ಆ ವರ್ಷದ ಇನ್‌ಕ್ರಿಮೆಂಟ್ ಹೊಡದೇ ಬಿಡ್ತಿದ್ದ. (ಊಟ ಚಲೋ ಇತ್ತು, ಸುಳ್ಳ್ಯಾಕ ಹೇಳ್ಲಿ.)

ಕೆಲ್ಸ ಮಾಡೋ ಫೋಟೋ ಹಾಕೋದ್ರಾಗ ಈ ಸಾಹೇಬ್ರನ್ನೆಲ್ಲಾ ಹಿಂದ ಹಾಕಿದವರು ಬೇರೆ ಅದಾರ, ನಮ್ಮ ಹಳ್ಳಿಗಳ ಖಾತ್ರಿ ಕೆಲ್ಸದ ಹೆಣ್ಮಕ್ಕಳು. 2023ರ ಜನವರಿಯಿಂದ ಉದ್ಯೋಗ ಖಾತ್ರಿದಾಗ ದಿನಕ್ಕ ಎರಡು ಸಲ ಕೂಲಿಯವರ ಫೋಟೋ ಆಪ್‌ನಾಗ ಏರಸಬೇಕು ಅಂತ ಕಡ್ಡಾಯ ಮಾಡಿದ್ರು, ಟೈಮ್ ಮತ್ತ ಜಾಗ ಎರಡೂ ಅದರಾಗ ಬರಬೇಕು, ಫೋಟೋ ಏರಲಿಲ್ಲ ಅಂದ್ರ ಹಾಜರಿ ಇಲ್ಲ, ಹಾಜರಿ ಇಲ್ಲಂದ್ರ ಕೂಲಿ ಇಲ್ಲ. ಆ ಫೋಟೋ ಹೊಡಿಯೋ ಮೇಟ್‌ಗಿ, ಅಂದ್ರ ಕೂಲಿಯವರ ಕೆಲ್ಸ ನೋಡ್ಕೊಳ್ಳೋರಿಗಿ, ನಮ್ಮ ರಾಜ್ಯದಾಗ ಇಟ್ಟ ಹೆಸರು ಕಾಯಕ ಬಂಧು, ಮಾರಯ್ಯ ಕೇಳಿದ್ರ ಖುಷಿ ಪಡ್ತಿದ್ದ. ಮಣ್ಣು ಹೊತ್ತು ಮುಗದಿರ್ತದ, ನೆಟ್‌ವರ್ಕ್ ಮಾತ್ರ ಬಂದಿರಂಗಿಲ್ಲ, ಕಾಯಕ ಬಂಧು ಮೊಬೈಲ್ ಎತ್ತಿ ಹಿಡ್ಕೊಂಡು ಬದುವಿನ ಮ್ಯಾಲ ಆ ಕಡಿ ಈ ಕಡಿ ಓಡಾಡ್ತಾಳ, ಉಳಿದವರು ಸೆರಗು ತಲಿ ಮ್ಯಾಲ ಹಾಕ್ಕೊಂಡು ಬಿಸಲಾಗ ಸಾಲಾಗಿ ನಿಂತಿರ್ತಾರ. 2025ರ ಜುಲೈದಾಗ ಕೇಂದ್ರದ ಸಚಿವಾಲಯದವರು ಪತ್ರ ಬರದು, ಕೆಲವು ಕಡಿ ಸಂಬಂಧ ಇಲ್ಲದ ಫೋಟೋ ಹಾಕ್ಯಾರ, ಫೋಟೋದ್ದೇ ಫೋಟೋ ಹೊಡದು ಹಾಕ್ಯಾರ, ಚೆಕ್ ಮಾಡ್ರಿ ಅಂದ್ರು. ಚೆಕ್ ಮಾಡ್ಲಿ, ಮಾಡಬೇಕಾದ್ದೇ. ಸ್ವೆಟರ್ ಸಾಹೇಬ್ರದ್ದು ಚೆಕ್ ಮಾಡ್ಲಾಕ ಯಾವ ಸಚಿವಾಲಯಕ್ಕ ಬರೀಬೇಕೋ ಅದೊಂದು ಹೇಳ್ರಿ.

ಇದರ ಮ್ಯಾಲೂ ಒಬ್ಬ ಕನ್ಸಲ್ಟಂಟ್ ಪೋಸ್ಟ್ ಹಾಕ್ಯಾನ, ಲಿಂಕ್ಡ್‌ಇನ್‌ನಾಗ ಹಾಕಿದ್ದನ್ನೇ ಫೇಸ್‌ಬುಕ್ಕಿಗೂ ತಂದು ಹಾಕ್ಯಾನ: "ಕಲ್ಯಾಣ ಕರ್ನಾಟಕದ ಗ್ರಾಮೀಣ ಮಹಿಳೆಯರ ಡಿಜಿಟಲ್ ಪಯಣ ಕಂಡು ಮನಸ್ಸು ತುಂಬಿ ಬಂತು." ಫೋಟೋದ ನಡಬರಕ ಇವ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು, ಹಿಂದ ಬುಟ್ಟಿ ಹಿಡ್ಕೊಂಡ ಹೆಣ್ಮಕ್ಕಳು. ಕೆಳಗ "ಇನ್‌ಸ್ಪೈರಿಂಗ್ ಸರ್", "ವೆಲ್ ಡಿಸರ್ವ್ಡ್ ಸರ್", "ಗ್ರೇಟ್ ಲೀಡರ್‌ಶಿಪ್ ಸರ್" ಅಂತ ಸಾಲು ಸಾಲು, ಅದರ ನಡಕ ಆ ಊರಿನ ಕಾಯಕ ಬಂಧು ಒಬ್ಬಾಕಿ, "ಸರ್ ನಮಸ್ಕಾರ್ರಿ, ನಿಮ್ ಫೋಟೋ ತಗದ ದಿನದ್ದು ನಮ್ದು ಹಾಜರಿ ಏರಿಲ್ಲ, ಸ್ವಲ್ಪ ನೋಡ್ರಿ ಸರ್" ಅಂತ ಬರದಾಳ. ಅದಕ್ಕ ಸರ್ ಒಂದು ಹಾರ್ಟ್ ಒತ್ಯಾರ.