ಕ.ಗೋ. ಅಂದ್ರೆ ಏನು?

ನಮ್ಮ ಅಡುಗೆಮನೆಯ ಗೋಡೆಗೆ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ತೋಟದ ಕೆಲಸದವರಿಗೆ ಕೊಟ್ಟ ಅಡ್ವಾನ್ಸ್, ಎಲ್ಲ ಅದರಲ್ಲೇ. ಉಳಿದ ಜಾಗ ನನ್ನದು. ಸೆಪ್ಟೆಂಬರ್ ಮೊದಲ ವಾರ ನಮ್ಮ ಕೊಡಗಿನ ಆಯುಧದ ಹಬ್ಬ ಕೈಲ್‌ ಪೊಳ್ದ್ ಮುಗಿಯಿತೋ, ನಾನು ಪೆನ್ನು ಹಿಡಿದು ಅದರ ಮುಂದೆ ನಿಂತುಬಿಡುತ್ತೇನೆ. ಜೂನ್‌ನಿಂದ ಮನೆಯೊಳಗೆ ಬೂಷ್ಟು ಹಿಡಿದು ಕೂತವಳು ನಾನು. ಮುಂದೆ ದಸರಾ, ತಲಕಾವೇರಿಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವ, ಆಮೇಲೆ ಸುಗ್ಗಿ ಹಬ್ಬ ಹುತ್ತರಿ. ಒಂದನ್ನೂ ಬಿಡಬಾರದು ಅಂತ ಆಸೆ.

ಆದರೆ ಕ್ಯಾಲೆಂಡರಿನ ಚೌಕ ಚಿಕ್ಕದು. ಹಾಗಾಗಿ ಒಂದೊಂದೇ ಅಕ್ಷರ ಬರೆಯುವ ಅಭ್ಯಾಸ ಮಾಡಿಕೊಂಡೆ. ಎಡವಟ್ಟು ಶುರುವಾದದ್ದು ಅಲ್ಲೇ.

ಒಂದು ವರ್ಷ ಮಡಿಕೇರಿ ದಸರಾದ ಬಹುಭಾಷಾ ಕವಿಗೋಷ್ಠಿಯಲ್ಲಿ ನನಗೂ ಒಂದು ಅವಕಾಶ ಸಿಕ್ಕಿತು. ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳ ಎಲ್ಲದರಲ್ಲೂ ಕವಿತೆ ಓದುವವರಿರುತ್ತಾರೆ. ನಾನು ಖುಷಿಯಿಂದ ಆ ದಿನದ ಚೌಕದಲ್ಲಿ ‘ಕ.ಗೋ.’ ಅಂತ ಬರೆದಿಟ್ಟೆ. ನನ್ನ ಕೈಬರಹದಲ್ಲಿ ‘ಕ’ಕ್ಕೂ ‘ಕು’ಗೂ ಅಂಥ ವ್ಯತ್ಯಾಸವಿಲ್ಲ. ನಮ್ಮನೆಯವರು ಅದನ್ನು ಓದಿದ್ದು ಕುರಿ ಗೊಬ್ಬರ ಅಂತ. ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ಬೇರೆ, ಅವರದ್ದೂ ತಪ್ಪಲ್ಲ ಬಿಡಿ. ಮಳೆ ಬಿಟ್ಟಿತ್ತು, ತೋಟಕ್ಕೆ ಗೊಬ್ಬರ ಹಾಕುವ ಹೊತ್ತೂ ಆಗಿತ್ತು. ಹೆಂಡತಿಗೆ ತೋಟದ ಬಗ್ಗೆ ಎಷ್ಟು ಕಾಳಜಿ ಅಂತ ಮೆಚ್ಚಿಕೊಂಡು, ಅದೇ ದಿನಕ್ಕೆ ಒಂದು ಲೋಡು ಹೇಳಿಬಿಟ್ಟರು.

ನಾನು ರೇಷ್ಮೆ ಸೀರೆ ಉಟ್ಟು ಅಂಗಳಕ್ಕೆ ಬಂದರೆ ಎದುರಿಗೆ ಲಾರಿ. ನಮ್ಮ ದಾರಿಯಲ್ಲಿ ಎರಡು ಬೈಕ್ ಎದುರಾದರೇ ಒಂದು ಕಾಫಿ ಗಿಡಕ್ಕೆ ಹತ್ತಬೇಕು. ಜೀಪು ಲಾರಿಯ ಹಿಂದೆ ಸಿಕ್ಕಿಬಿದ್ದಿತ್ತು.

“ಏನ್ರೀ ಇದು?”

“ನೀನೇ ಬರೆದಿದ್ದೀಯಲ್ಲ!”

ಜಗಳಕ್ಕೆ ಸಮಯ ಇರಲಿಲ್ಲ. ಮೂಟೆ ಇಳಿಸಿ ಮುಗಿದ ಮೇಲೆ ಡ್ರೈವರೇ ಪಾಪ, “ಬನ್ನಿ ಅಕ್ಕ, ನಾನೂ ಟೌನ್ ಕಡೆಗೇ ಹೋಗೋದು” ಅಂದ. ಸೆರಗು ಎತ್ತಿ ಹಿಡಿದು ಹತ್ತಿ ಕೂತೆ. ಗಾಂಧಿ ಮೈದಾನ ಮುಟ್ಟುವಾಗ ನನ್ನ ಹೆಸರು ಎರಡು ಸಲ ಕೂಗಿ ಆಗಿತ್ತು. ನೇರವಾಗಿ ಮೈಕಿನ ಮುಂದೆ ನಿಂತೆ. ಕವಿತೆಯ ಹೆಸರು ‘ಮಣ್ಣಿನ ಘಮ’.

ಮೊದಲ ಸಾಲು ಓದಿದ್ದೇ ತಡ, ಮುಂದಿನ ಸಾಲಿನವರು ಕರವಸ್ತ್ರ ತೆಗೆದರು. ಕಣ್ಣೊರೆಸಿಕೊಳ್ಳಲಿಕ್ಕೆ ಅಂತ ನಾನು ಹಿಗ್ಗಿದೆ. ಮೂಗಿಗೆ ಹಿಡಿದಾಗ ವಿಷಯ ತಿಳಿಯಿತು. ನಿರೂಪಕರು ಮಾತ್ರ ಬಹಳ ಒಳ್ಳೆಯ ಮನುಷ್ಯ. “ಅನುಭವದಿಂದ ಬಂದ ಕವಿತೆ” ಅಂದರು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ವಿಜಯದಶಮಿ ಇನ್ನೂ ಬಾಕಿ ಇತ್ತು. ಮಡಿಕೇರಿಯಲ್ಲಿ ಅವತ್ತು ರಾತ್ರಿ ಯಾರೂ ಮಲಗುವುದಿಲ್ಲ. ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು, ಟ್ರ್ಯಾಕ್ಟರ್ ಮೇಲೆ ಕೈಕಾಲು ಆಡಿಸುವ ದೇವರು, ಹೊಗೆ ಬಿಡುವ ರಾಕ್ಷಸರು, ಎದೆ ನಡುಗಿಸುವ ಸದ್ದು, ಇದೆಲ್ಲ ಬೆಳಗಾಗುವವರೆಗೆ. ಹುಣಸೂರಿನಿಂದ ನಾದಿನಿಯ ಮನೆಯವರು ಬರುತ್ತೇವೆ ಅಂದಿದ್ದರು. “ದಶಮಂಟಪದ ಹತ್ರ ಬನ್ನಿ, ಬಸ್ ಸ್ಟ್ಯಾಂಡ್ ಬಳಿ ಸಿಗೋಣ” ಅಂದಿದ್ದೆ. ಊರಿನ ಹೆಸರು ಹೇಳಬೇಕು ಅಂತ ಹೊಳೆಯಲೇ ಇಲ್ಲ.

ರಾತ್ರಿ ಹನ್ನೊಂದಕ್ಕೆ ಫೋನ್. “ಅತ್ತಿಗೆ, ಬಸ್ ಸ್ಟ್ಯಾಂಡ್ ಹತ್ರ ಇದ್ದೀವಿ.”

“ನಾವೂ ಅಲ್ಲೇ ಇದ್ದೇವೆ, ಕಾಣ್ತಾ ಇಲ್ವಲ್ಲ?”

“ಎದುರಿಗೇ ಒಂದು ಮಂಟಪ ನಿಂತಿದೆ ನೋಡಿ.”

“ಹೌದು, ಇದೆ! ರಾಕ್ಷಸನ ಬಾಯಿಂದ ಹೊಗೆ ಬರ್ತಾ ಇದೆ.”

“ಹಾಂ, ಅದೇ ಅದೇ! ಅದರ ಎಡಗಡೆ ಚುರುಮುರಿ ಗಾಡಿ.”

ಚುರುಮುರಿ ಗಾಡಿಯೂ ಇತ್ತು. ಆ ಜನಜಂಗುಳಿಯಲ್ಲಿ ನಾನು ಗಾಡಿಯನ್ನು ನಾಲ್ಕು ಸುತ್ತು ಹಾಕಿದೆ. ಚುರುಮುರಿಯವನು ನನ್ನನ್ನು ನೋಡಿ ಕೇಳದೇ ಒಂದು ಪೊಟ್ಟಣ ಕಟ್ಟಿಕೊಟ್ಟ. ಅವರನ್ನು ಹುಡುಕುತ್ತಾ ಎಲ್ಲಿ ಹೋದರೂ ಅದೇ ಮಂಟಪ ಎದುರಾಗುತ್ತಿತ್ತು. ಹತ್ತು ಮಂಟಪದಲ್ಲಿ ಒಂಬತ್ತು ಹೇಗಿದ್ದವು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬನೇ ರಾಕ್ಷಸ ಮೂರು ಸಲ ಸತ್ತದ್ದನ್ನು ಮಾತ್ರ ನೋಡಿದೆ. ಮೂರನೇ ಸಲ ಅವನಿಗೂ ಸಾಕಾಗಿತ್ತು ಅನ್ನಿಸುತ್ತದೆ, ತಲೆ ಅರ್ಧಕ್ಕೇ ನಿಂತಿತು.

ಎರಡು ಗಂಟೆಗೆ ನಾದಿನಿಯ ಗಂಡ ಯಾರನ್ನೋ ಕೇಳಿ ತಿಳಿದುಕೊಂಡರು. ಅವರು ನಿಂತಿದ್ದದ್ದು ಗೋಣಿಕೊಪ್ಪದಲ್ಲಿ. ಅಲ್ಲೂ ದಸರಾ, ಅಲ್ಲೂ ದಶಮಂಟಪ, ಅದೂ ಅದೇ ರಾತ್ರಿ. ತಿತಿಮತಿ ದಾಟಿ ಬಂದವರಿಗೆ ಮೊದಲು ಕಂಡ ದೀಪವೇ ದಸರಾ. ಚೆನ್ನಾಗಿತ್ತಂತೆ, ಹತ್ತನ್ನೂ ನೋಡಿದರಂತೆ.

ತೀರ್ಥೋದ್ಭವದ ಕಥೆ ಮಾತ್ರ ಅತ್ತೆಗೆ ಗೊತ್ತಾಗಬಾರದು. ಅಕ್ಟೋಬರಿನಲ್ಲಿ ಅದು ಆಗುವ ತುಲಾ ಸಂಕ್ರಮಣದ ಗಳಿಗೆ ವರ್ಷದಿಂದ ವರ್ಷಕ್ಕೆ ಸುಮಾರು ಆರು ಗಂಟೆ ಮುಂದಕ್ಕೆ ಜಾರುತ್ತದೆ. ಒಂದು ವರ್ಷ ಸಂಜೆ, ಇನ್ನೊಂದು ವರ್ಷ ನಡುರಾತ್ರಿ, ಆಮೇಲೆ ಬೆಳಗ್ಗೆ. 2023ರಲ್ಲಿ ರಾತ್ರಿ 1.27. ತಾರೀಖು ಹದಿನೇಳರ ರಾತ್ರಿಯೋ, ಹದಿನೆಂಟರ ರಾತ್ರಿಯೋ? ನಾನು ‘ತೀ’ ಬರೆದದ್ದು ಹದಿನೆಂಟರ ಚೌಕದಲ್ಲಿ. ಲೆಕ್ಕ ಸರಿಯೇ, ನಡುರಾತ್ರಿ ಕಳೆದರೆ ಹದಿನೆಂಟೇ ತಾನೆ. ಆದರೆ ಹದಿನೇಳರ ರಾತ್ರಿ ಗಡದ್ದಾಗಿ ನಿದ್ದೆ ಮಾಡಿ, ಹದಿನೆಂಟರ ರಾತ್ರಿ ಊಟ ಮಾಡಿ ಹೊರಟೆವು. ಭಾಗಮಂಡಲ ದಾಟುವಾಗಲೇ, “ಈ ಸಲ ಟ್ರಾಫಿಕ್ ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದಾರೆ ಅಲ್ವಾ” ಅಂದರು ನಮ್ಮನೆಯವರು. ಮೇಲೆ ಮಂಜು, ಚಳಿ, ಮುಚ್ಚಿದ ಗೇಟು, ಒಂದು ನಾಯಿ. ಬೆಳಗಾಗುವವರೆಗೆ ಕಾರಿನಲ್ಲೇ ಕೂತು, ಬಾಟಲಿಗೆ ತೀರ್ಥ ತುಂಬಿಸಿಕೊಂಡು ಬಂದೆವು.

“ಜನ ಜಾಸ್ತಿ ಇದ್ದರಾ?” ಕೇಳಿದರು ಅತ್ತೆ.

“ಇಲ್ಲ ಅತ್ತೆ, ಈ ಸಲ ಅಷ್ಟೇನೂ ಇರಲಿಲ್ಲ.”

ಈ ವರ್ಷ ಎಲ್ಲವನ್ನೂ ಪೂರ್ತಿ ಬರೆದಿದ್ದೇನೆ. ಕವಿಗೋಷ್ಠಿ, ಗಾಂಧಿ ಮೈದಾನ, ಮಡಿಕೇರಿ. ದಶಮಂಟಪ, ಮಡಿಕೇರಿ, ಗೋಣಿಕೊಪ್ಪ ಅಲ್ಲ. ಅಕ್ಷರಗಳು ಪಕ್ಕದ ಚೌಕಕ್ಕೂ ಕೆಳಗಿನ ಚೌಕಕ್ಕೂ ಹರಿದಿವೆ. ಸಿಲಿಂಡರ್ ಬಂದ ದಿನ ಯಾವುದರ ಅಡಿಯಲ್ಲಿ ಹೋಯಿತೋ ಸಿಗುತ್ತಿಲ್ಲ. ನಿನ್ನೆ ಸಂಜೆ ಹುಣಸೂರಿನವರು ಬಂದು ಕೂತಿದ್ದಾಗ, ಕಡಂಬುಟ್ಟು ಅರ್ಧ ಬೆಂದಿತ್ತು, ಒಲೆ ಆರಿತು.